ಬಾಲದ ಅಂಚು

೨೦೧೧ನೇ ಇಸವಿ ನವೆಂಬರ್ ಹದಿನೇಳು, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಲೆಕ್ಕದವಳು ತನ್ನ ಕಂಪ್ಯೂಟರಿನ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಯಾರ ಪ್ರಯೋಗವೇ ಆಗಲಿ, ಕೊನೆಗೆ ಅವಳ ಮೇಜಿಗೆ ಬಂದು, ನಿಜವೋ ಬರೀ ಆಸೆಯೋ ಎಂದು ತೀರ್ಮಾನವಾಗಿ ಹೋಗುತ್ತಿತ್ತು. ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಮಲಗಿದ್ದವು. ಅವನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡ. ಒರೆಸುವಾಗಲೇ ಗೊತ್ತಿತ್ತು, ಕನ್ನಡಕದಲ್ಲಿ ಏನೂ ಇಲ್ಲ ಎಂದು.

"ಎರಡೂ ಒಂದೇ ಸಾರ್," ಅಂದಳು ಅವಳು. "ಹೇಗೆ ಜಾಲಿಸಿದರೂ ಒಂದೇ."

"ಎಲ್ಲಾ ಬಟ್ಟಲುಗಳನ್ನೂ ಸೇರಿಸಿದ್ದೀಯಾ?"

"ನಿಮ್ಮ ಮನೆ ಊಟದ ಬಟ್ಟಲು ಒಂದು ಬಿಟ್ಟು ಎಲ್ಲಾ ಸೇರಿಸಿದ್ದೀನಿ."

ಅವನು ನಗಬೇಕೆಂದುಕೊಂಡ. ಮುಖ ಒಪ್ಪಲಿಲ್ಲ. ಗೊದಮೊಟ್ಟೆಯ ಬಾಲದ ತುದಿಯನ್ನು ಕತ್ತರಿಸಿ ಪೋಷಕ ದ್ರಾವಣವಿರುವ ಗಾಜಿನ ಬಟ್ಟಲಲ್ಲಿಟ್ಟರೆ ಅದು ಕೆಲವು ದಿನ ತನ್ನ ಪಾಡಿಗೆ ತಾನು ಬದುಕಿರುತ್ತದೆ. ಅದಕ್ಕೆ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಸೇರಿಸಿದರೆ, ಕಪ್ಪೆಯಾಗುವ ಕಾಲ ಬಂತೆಂದು ತಿಳಿದು, ಬಾಲದ ಜೀವಕೋಶಗಳು ಒಂದೊಂದಾಗಿ ಸಾಯತೊಡಗುತ್ತವೆ. ಕಪ್ಪೆಯಾಗಬೇಕಾದ ದೇಹವೇ ಅಲ್ಲಿಲ್ಲ. ಆದರೂ ಬಾಲ ಅಪ್ಪಣೆ ಪಾಲಿಸಿ ಕರಗುತ್ತದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದರೂ ಅವನಿಗೆ ಆ ವಿಧೇಯತೆ ಮಾತ್ರ ಅಭ್ಯಾಸವಾಗಿರಲಿಲ್ಲ. ಈಗ ಅದೇ ಥೈರಾಕ್ಸಿನ್ನಿನ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಕುಲುಕುವುದು, ಅದರಿಂದ ಒಂದು ಪಾಲು ತೆಗೆದು ಮತ್ತೆ ಒಂಬತ್ತು ಪಾಲು ನೀರು ಬೆರೆಸಿ ಕುಲುಕುವುದು, ಹೋಮಿಯೋಪತಿಯ ಕ್ರಮದಲ್ಲಿ ಹೀಗೆ ಮೂವತ್ತು ಸಲ. ಕೊನೆಗೆ ಸೀಸೆಯಲ್ಲಿ ಹಾರ್ಮೋನಿನ ಒಂದು ಕಣವೂ ಉಳಿದಿರುವುದಿಲ್ಲ. ಆ ನೀರಿನ ಹನಿಯನ್ನು ಒಂದು ಬಟ್ಟಲಿಗೆ, ಹೋಲಿಕೆಗೆಂದು ಬರೀ ನೀರಿನ ಹನಿಯನ್ನು ಇನ್ನೊಂದು ಬಟ್ಟಲಿಗೆ ಹಾಕುವುದು. ಮೊದಲನೆಯದು, ಕೊಲ್ಲುತ್ತಿರುವ ಹಾರ್ಮೋನಿನ ಎದುರು ನಿಂತು ಬಾಲವನ್ನು ಕಾಪಾಡುತ್ತದೆಯೇ ಎಂಬುದು ಪ್ರಶ್ನೆ. ಮೊದಲ ಸಲ ಕಾಪಾಡಿತ್ತು. ಅವನೇ ಕಣ್ಣಾರೆ ನೋಡಿ, ಅಳೆದು, ಬರೆದು, ಅದು ಅಚ್ಚಾಗಿ ಒಂದು ವರ್ಷವಾಗಿತ್ತು. ಈ ಎರಡನೆಯ ಸಲ ಲೆಕ್ಕದವಳು ಹಟ ಹಿಡಿದು ಎಲ್ಲವನ್ನೂ ಬದಲಾಯಿಸಿದ್ದಳು. ಸೀಸೆಗಳನ್ನು ತಯಾರಿಸಿದವರು ಬೇರೆ, ಹನಿ ಹಾಕಿದವರು ಬೇರೆ, ಬಾಲದ ಫೋಟೋ ಅಳೆದವರು ಇನ್ನೊಂದು ಊರಿನವರು. ಅವನ ಪಾಲಿಗೆ ಉಳಿದದ್ದು ಕಾಯುವುದು.

"ಒಂದು ಕೇಳಲಾ?" ಅವಳು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿದಳು. "ಮೊದಲನೇ ಸಲ ಬರೀ ನೀರಿನ ಸೀಸೇನೂ ಕುಲುಕಿದ್ರಾ?"

"ಬರೀ ನೀರನ್ನು ಯಾಕೆ ಕುಲುಕಬೇಕು?"

ಹೇಳಿದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು. ಅವಳಿಗೆ ಕನಿಕರವಾದಾಗ ಅವಳು ಮೇಜಿನ ಮೇಲಿನ ಪಿನ್ನುಗಳನ್ನು ಒಂದೇ ದಿಕ್ಕಿಗೆ ಜೋಡಿಸುತ್ತಿದ್ದಳು. ಈಗ ಜೋಡಿಸತೊಡಗಿದಳು. ಕುಲುಕಿದ ಸೀಸೆಯ ಗಾಜಿಗೆ, ಒಳಗಡೆ, ಕಣ್ಣಿಗೆ ಕಂಡೂ ಕಾಣದ ಗುಳ್ಳೆಗಳು ಅಂಟಿಕೊಂಡಿರುತ್ತವೆ. ಗಂಟೆಗಟ್ಟಲೆ ಹೋಗುವುದಿಲ್ಲ. ಕುಲುಕದ ನೀರು ಸತ್ತ ಹಾಗೆ ಸುಮ್ಮನಿರುತ್ತದೆ. ಸೀಸೆಗಳ ಚೀಟಿ ಕಿತ್ತು, ಬರೀ ಸಂಖ್ಯೆ ಅಂಟಿಸಿ, ಯಾವುದು ಯಾವುದೆಂದು ತನಗೇ ಗೊತ್ತಾಗದಂತೆ ಮಾಡಿಕೊಂಡಿದ್ದೇನೆಂದು ಅವನು ಹೆಮ್ಮೆಪಟ್ಟಿದ್ದ. ಆ ಸೀಸೆಗಳನ್ನು ಪ್ರತಿದಿನ ಬೆಳಕಿಗೆ ಹಿಡಿದು ಹನಿ ತೆಗೆದವನು ಅವನೇ. ಆ ಬೆಳಕಿನಲ್ಲಿ ಗುಳ್ಳೆ ಕಂಡಿತ್ತೇ? ಕಂಡಿತ್ತು ಎಂದು ಹೇಳಲಾರ, ಕಾಣಲಿಲ್ಲ ಎಂದೂ ಹೇಳಲಾರ. ಕಣ್ಣು ಕಂಡದ್ದನ್ನೆಲ್ಲ ಯಜಮಾನನಿಗೆ ವರದಿ ಮಾಡುತ್ತದೆಯೇ? ಎಷ್ಟೋ ಸಲ ತಾನೇ ಇಟ್ಟುಕೊಂಡು ತಾನೇ ತೀರ್ಮಾನಿಸುತ್ತದೆ.

ಮೀನುತೊಟ್ಟಿಗಳ ಕೋಣೆಯಲ್ಲಿ ಅವನು ಸುಮ್ಮನೆ ನಿಂತ. ಗಾಳಿಯ ಪಂಪು ಬುಳುಬುಳು ಎನ್ನುತ್ತಿತ್ತು. ಗೊದಮೊಟ್ಟೆಗಳು ಗಾಜಿಗೆ ಬಾಯಿ ಹಚ್ಚಿ ಪಾಚಿ ಕೆರೆಯುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ಬಾಲವನ್ನು ಅಳೆಯುವುದು ಹೊರಗಿನವರು ತಿಳಿದಷ್ಟು ಸುಲಭವಲ್ಲ. ಸಾಯುತ್ತಿರುವ ಬಾಲಕ್ಕೆ ಖಚಿತವಾದ ಅಂಚು ಇರುವುದಿಲ್ಲ. ಸತ್ತ ಜೀವಕೋಶಗಳು ಕಳಚಿ, ಬಾಲದ ಸುತ್ತ ಮಬ್ಬಾಗಿ, ಹಾಲು ಒಡೆದ ಹಾಗೆ ತೇಲುತ್ತಿರುತ್ತವೆ. ಬಾಲ ಎಲ್ಲಿ ಮುಗಿಯಿತು, ಮಬ್ಬು ಎಲ್ಲಿ ಶುರುವಾಯಿತು ಎಂದು ಅಳೆಯುವವನೇ ನಿರ್ಧರಿಸಬೇಕು. ಕಣ್ಣಿಗೆ ಹಚ್ಚಿದ ಮಸೂರದೊಳಗೆ ಗೆರೆಗೆರೆಯ ನಡುವೆ ಒಂದೊಂದು ಮನೆಯಿರುವ ಸಣ್ಣ ಅಳತೆಗೋಲು ಕಾಣುತ್ತದೆ. ಅದರ ಅರ್ಧ ಮನೆ ಈಚೆಗೆ ಇಡು, ಅರ್ಧ ಮನೆ ಆಚೆಗೆ ಇಡು, ಯಾರು ಕೇಳುತ್ತಾರೆ. ಒಂದು ಬಾಲಕ್ಕೆ ಅರ್ಧ ಮನೆ ದಾನ ಮಾಡಿದ, ಇನ್ನೊಂದು ಬಾಲದಿಂದ ಅರ್ಧ ಮನೆ ಕಿತ್ತುಕೊಂಡ. ದಾನಿಯ ಮುಖದಲ್ಲಿರುವ ತೃಪ್ತಿ ಆಗ ತನ್ನ ಮುಖದಲ್ಲೂ ಇದ್ದಿರಬೇಕು. ಮೋಸ ಮಾಡುವವನಿಗಾದರೂ ಮೋಸ ಮಾಡುತ್ತಿದ್ದೇನೆಂಬ ಅರಿವಿನ ಗೌರವವಿರುತ್ತದೆ. ತನಗೆ ಅದೂ ಇಲ್ಲ.

ಜೇಬಿನಲ್ಲಿ ಫೋನು ಕಂಪಿಸಿತು. ಭಾವ, ಅಕ್ಕನ ಗಂಡ.

"ಏನಪ್ಪಾ, ಕೆಲಸದಲ್ಲಿದ್ದೀಯಾ? ನಿನ್ನಕ್ಕನ್ನ ಬೆಳಿಗ್ಗೆ ದವಾಖಾನೆಗೆ ಕರ್ಕೊಂಡು ಹೋಗಿದ್ದೆ. ಎದೆ ಬಡಿತ ಲಯ ತಪ್ಪಿದೆಯಂತೆ. ಥೈರಾಯ್ಡ್ ತಗ್ಗಿಸೋ ಮಾತ್ರೆ ಇವತ್ತಿಂದಲೇ ಮತ್ತೆ ಶುರು ಮಾಡಲೇಬೇಕು ಅಂದ್ರು. ಇವಳು ಆಗಲ್ಲ ಅಂತ ಚೀಲ ಎತ್ಕೊಂಡು ಎದ್ದು ಬಂದ್ಲು."

"ಯಾಕಂತೆ?"

ಭಾವ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ದೊಡ್ಡ ದನಿ ಅವರದ್ದಲ್ಲ. "ಯಾಕೆ ಅಂತ ನಿನಗೆ ಗೊತ್ತಿಲ್ವಾ? ನನ್ನ ತಮ್ಮನೇ ಕಂಡುಹಿಡಿದಿದ್ದಾನೆ ಅಂತ ಡಾಕ್ಟರ ಮುಖಕ್ಕೇ ಹೇಳಿದ್ಲು. ನಲವತ್ತು ವರ್ಷ ಸಂಸಾರ ಮಾಡಿದೀನಿ, ನನ್ನ ಮಾತು ಅವಳಿಗೆ ಕಾಲಕಸ. ನೀನು ಒಂದು ಮಾತು ಹೇಳಿದ್ರೆ ನುಂಗ್ತಾಳೆ. ಬಾ."

"ಮಧ್ಯಾಹ್ನ ಬರ್ತೀನಿ ಭಾವ."

ಅಕ್ಕನ ಕತ್ತಿನ ಗ್ರಂಥಿ ಊದಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಥೈರಾಕ್ಸಿನ್ ಸುರಿಸುತ್ತಿತ್ತು. ಬಟ್ಟಲಲ್ಲಿರುವ ಬಾಲಗಳಿಗೆ ತಾನು ಪಿಪೆಟ್ಟಿನಿಂದ ಹಾಕುವ ಅದೇ ವಸ್ತು. ಈ ಹೋಲಿಕೆ ಅವನಿಗೆ ಹೊಳೆದದ್ದು ಹೊಸದೇನಲ್ಲ. ಹೊಳೆದಿದ್ದರಿಂದಲೇ ಮೊದಲ ಪ್ರಯೋಗಕ್ಕೆ ಕೈ ಹಾಕಿದ್ದು ಎಂದು ಈಗ ಅನ್ನಿಸಿತು. ವಿಜ್ಞಾನಿಗೆ ಆಸೆ ಇರಬಾರದೆಂದೇನೂ ಇಲ್ಲ. ಅದನ್ನು ಹೊಸ್ತಿಲಾಚೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು, ಅಷ್ಟೆ.

ಮುಖ್ಯಸ್ಥರ ಕೋಣೆಗೆ ಹೋಗಿ ಗುಳ್ಳೆಯ ವಿಷಯ ಹೇಳಿಬಿಡಬೇಕು, ಲೇಖನ ಹಿಂತೆಗೆದುಕೊಳ್ಳುತ್ತೇನೆ ಎನ್ನಬೇಕು ಎಂದು ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತಾ ಮೆಟ್ಟಿಲು ಹತ್ತಿದ. ಬಾಗಿಲು ತೆರೆದರೆ ಒಳಗೆ ಜನ. ಔಷಧ ಕಂಪನಿಯವರೋ, ಸಮಿತಿಯವರೋ, ಒಳ್ಳೆಯ ಬೂಟು ಹಾಕಿಕೊಂಡ ನಾಲ್ಕು ಮಂದಿ. ಮುಖ್ಯಸ್ಥರು ಕೈ ಚಾಚಿ, "ಬನ್ನಿ ಬನ್ನಿ, ಹೆಸರು ಹೇಳೋಷ್ಟರಲ್ಲಿ ಬಂದ್ರು, ನೂರು ವರ್ಷ ಆಯಸ್ಸು. ಇವರೇ ನಮ್ಮ ಬಾಲದ ತಜ್ಞರು," ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ತಡವಾಗಿ ನಕ್ಕಿದ್ದರಿಂದ ಆ ನಗೆ ಒಂಟಿಯಾಗಿ ಕೋಣೆಯಲ್ಲಿ ಉಳಿಯಿತು. "ಆ ಕುಲುಕೋದು ತೋರಿಸಿ ಇವರಿಗೆ. ಓದೋದಕ್ಕಿಂತ ನೋಡಿದರೇ ಚೆಂದ."

"ಸಾರ್, ನಿಮ್ಮ ಹತ್ರ ಒಂದು ನಿಮಿಷ..."

"ಒಂದೇ ನಿಮಿಷ, ತೋರಿಸಿಬಿಡಿ. ಆಮೇಲೆ ನಿಮ್ಮದೇ ಪೂರ್ತಿ ದಿನ."

ಯಾರೋ ಸೀಸೆ ಕೊಟ್ಟರು. ಮುಖ್ಯಸ್ಥರು ಕಪಾಟಿನಿಂದ ಚರ್ಮದ ರಟ್ಟಿನ ದಪ್ಪ ನಿಘಂಟನ್ನು ತೆಗೆದು ಮೇಜಿನ ಮೇಲಿಟ್ಟರು. ಕುಲುಕುವ ಕ್ರಮವೇ ಹಾಗೆ, ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು, ಗಟ್ಟಿಯೂ ಅಲ್ಲದ ಮೆತ್ತಗೂ ಅಲ್ಲದ ವಸ್ತುವಿನ ಮೇಲೆ ಬಡಿಯಬೇಕು. ಅವನು ಬಡಿದ. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕೈ ಆಗಲೇ ಬಡಿಯುತ್ತಿತ್ತು. ಎಷ್ಟೋ ವರ್ಷದಿಂದ ಅಪ್ಪಣೆ ಪಾಲಿಸಿಕೊಂಡು ಬಂದ ವಿಧೇಯ ಕೈ. ಪ್ರತಿ ಏಟಿಗೂ ಮೇಜಿನ ಮೇಲಿನ ಚಹಾ ಕಪ್ಪುಗಳು ತಟ್ಟೆಯಲ್ಲಿ ಗಲಗಲ ಎಂದವು. ಬಂದವರಲ್ಲೊಬ್ಬ ಫೋನ್ ಎತ್ತಿ ಫೋಟೋ ತೆಗೆದ. "ಸ್ವಲ್ಪ ಈ ಕಡೆ ನೋಡ್ತೀರಾ?" ಎಂದ. ಅವನು ನೋಡಿದ. ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ ಎಂದರು, ಹಿಡಿದ. ಆಗ ಗುಳ್ಳೆಗಳು ಕಂಡವು. ಗಾಜಿನ ಒಳಮೈಗೆ ಮುತ್ತು ಪೋಣಿಸಿದ ಹಾಗೆ, ಕುರುಡನಿಗೂ ಕಾಣುವಷ್ಟು ಸ್ಪಷ್ಟವಾಗಿ. ಆಗ ಇದು ಕಂಡಿತ್ತೋ ಇಲ್ಲವೋ ಎಂದು ಬೆಳಿಗ್ಗೆಯಿಂದ ತನ್ನೊಡನೆ ತಾನೇ ವಾದ ಮಾಡಿದ್ದಕ್ಕೆ ಅವನಿಗೆ ಮೈಯೆಲ್ಲ ನಾಚಿಕೆಯಾಯಿತು.

ಬಂದವರನ್ನು ಬಾಗಿಲವರೆಗೆ ಕಳಿಸಿ ಮರಳುವಾಗ ಮುಖ್ಯಸ್ಥರು ಅವನ ಹೆಗಲ ಮೇಲೆ ಕೈ ಇಟ್ಟರು. ಕೆಟ್ಟ ಮನುಷ್ಯರೇನಲ್ಲ. ಅವನ ತಾಯಿ ಸತ್ತಾಗ ಮೂರು ದಿನ ತಮ್ಮ ಕಾರು ಕೊಟ್ಟಿದ್ದರು.

"ಲೆಕ್ಕದವಳು ಹೇಳಿದಳು. ಬೇಜಾರಾಗಬೇಡಿ. ಮೂರನೇ ಸಲ ಮಾಡೋಣ."

"ಮೊದಲನೇದು ತಪ್ಪು ಸಾರ್. ಸೀಸೆ ನನಗೆ ಗೊತ್ತಾಗ್ತಿತ್ತು."

"ಗೊತ್ತಾಗ್ತಿತ್ತಾ, ಗೊತ್ತಾಗಬಹುದಿತ್ತಾ?"

"ಅದು ನನಗೇ ಗೊತ್ತಿಲ್ಲ."

"ನೋಡಿದ್ರಾ. ನಿಮಗೇ ಗೊತ್ತಿಲ್ಲದ್ದನ್ನ ಏನಂತ ಅಚ್ಚು ಹಾಕಿಸ್ತೀರಿ?" ಅವರು ನಿಘಂಟನ್ನು ಎತ್ತಿ ಸ್ವಸ್ಥಾನಕ್ಕೆ ಸೇರಿಸಿದರು. "ಅವಸರ ಬೇಡ. ಯಾರ ಪ್ರಾಣವೂ ಹೋಗ್ತಿಲ್ಲವಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನ ಹೆಂಗಸು ಮಡಿಲಲ್ಲಿ ಒಂದು ಹೂಕುಂಡ ಇಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಗಿಡದ ತಲೆಯ ಮೇಲೆ ಕೈ ಇಡುತ್ತಿದ್ದಳು. ಹೋದ ವರ್ಷ ಒಂದು ಭಾನುವಾರ ಅಕ್ಕನೂ ಹೀಗೇ ಅವನ ಲೇಖನವಿದ್ದ ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು, ಅಂಗೈ ಚಾಚಿ ಅದರ ಮೇಲೆ ಇಟ್ಟು, ಹಾರಿಹೋಗುತ್ತದೇನೋ ಎನ್ನುವ ಹಾಗೆ. ಊಟಕ್ಕೆ ಕರೆದಿದ್ದಳು, ಹೊಸದಾಗಿ ಅಚ್ಚಾದದ್ದನ್ನು ತಾನೇ ಚೀಲದಿಂದ ತೆಗೆದು ತೋರಿಸಿದ್ದ. ಪಕ್ಕಪಕ್ಕದಲ್ಲಿ ಎರಡು ಬಾಲದ ಚಿತ್ರ, ಒಂದು ಸವೆದು ಕಡ್ಡಿಯಾದದ್ದು, ಒಂದು ಇನ್ನೂ ತುಂಬಿಕೊಂಡದ್ದು. "ಇದೇನೋ ಪುಟ್ಟಾ, ಕಪ್ಪೆಗಳನ್ನ ತಕ್ಕಡಿಯಲ್ಲಿ ತೂಗಿದ ಹಾಗೆ ಅಂತ ಗಾದೆ ಕೇಳಿದ್ದೆ. ನೀನು ಬಾಲವನ್ನೂ ಬಿಡಲಿಲ್ಲವಲ್ಲ," ಎಂದು ನಗುತ್ತಾ, ನಗು ಮುಗಿಯುವ ಮೊದಲೇ, "ಹಾಗಾದ್ರೆ ನನಗೂ ಆಗುತ್ತಾ?" ಎಂದಿದ್ದಳು. ತಾನು ಏನು ಹೇಳಿದ್ದೆ? ತಗೋ ಎಂದಿರಲಿಲ್ಲ. ಅದನ್ನು ಅವನು ಎಷ್ಟು ಸಲ ನೆನಪಿಸಿಕೊಂಡಿದ್ದನೋ, ತಗೋ ಎಂದಿರಲಿಲ್ಲ. "ಏನೋ ಇದೆ ಅನ್ನಿಸುತ್ತೆ ಅಕ್ಕ," ಎಂದಿದ್ದ. ಮಾತಿನ ಅಂಚನ್ನು ಅಲ್ಲೂ ಮಬ್ಬಾಗಿಯೇ ಬಿಟ್ಟಿದ್ದ. ಅರ್ಧ ಮನೆ ಆಚೆಗೆ. ಯಾಕೆಂದರೆ ಅಕ್ಕನ ಮುಖದಲ್ಲಿ ಅವನು ಹುಡುಗನಾಗಿದ್ದಾಗ ಪರೀಕ್ಷೆಯ ಫಲಿತಾಂಶ ನೋಡಿ ಬಂದು ಹೇಳುವಾಗಿನ ಬೆಳಕೇ ಇತ್ತು. ಆ ಬೆಳಕಿನಲ್ಲಿ ಇನ್ನೊಂದು ಕ್ಷಣ ನಿಂತುಕೊಳ್ಳಬೇಕೆನ್ನಿಸಿತ್ತು. ಶಾಲೆಯ ಸಮವಸ್ತ್ರಗಳನ್ನು ಹೊಲಿದು ಹೊಲಿದು ಅವನನ್ನು ಓದಿಸಿದವಳು. ಒಂದು ಕ್ಷಣದ ಬೆಳಕಿಗೆ ಅವಳ ಹೃದಯವನ್ನೇ ಉರುವಲು ಮಾಡಿದ ಹಾಗಾಯಿತು. ಇದೇನು ಮಾತು, ನಾಟಕದ ಮಾತು, ಎಂದು ತನ್ನನ್ನೇ ಬೈದುಕೊಂಡ. ಆದರೆ ಮಾತು ಹೋಗಲಿಲ್ಲ. ಮರುವಾರವೇ ಅವಳು ಮಾತ್ರೆ ಬಿಟ್ಟು, ಹೋಮಿಯೋಪತಿಯ ಸಕ್ಕರೆಗುಳಿಗೆ ಕೊಡುವ ಡಾಕ್ಟರ ಬಳಿ ಹೋಗಿದ್ದಳು. ಅವರು ಆ ಎರಡು ಬಾಲಗಳ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ರೋಗಿಗಳು ಕೂರುವ ಬೆಂಚಿನ ಎದುರು ತೂಗುಹಾಕಿದ್ದಾರೆಂದು ಅಕ್ಕನೇ ಫೋನಿನಲ್ಲಿ ಹೇಳಿದ್ದಳು. ಅವನು ಆಗ ಸಂಕೋಚದಿಂದ ನಕ್ಕಿದ್ದ. ಆ ಸಂಕೋಚದ ಒಳಗೆ ಖುಷಿಯೂ ಇತ್ತು. ಆ ಬೆಂಚಿನ ಮೇಲೆ ಕೂತವರು ಇನ್ನೆಷ್ಟು ಮಂದಿಯೋ. ಅವರ ಮುಖ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಎಷ್ಟು ದೊಡ್ಡ ಅನುಕೂಲ.

ಇಳಿಯುವ ಜಾಗ ದಾಟಿಹೋಗಿತ್ತು. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದ.

ಭಾವ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಕೇಳಿಸದ ಹಾಗೆ, ಮೂರು ಮೆಟ್ಟಿಲು ಕೆಳಗಿಳಿದು ಬಂದು ಮಾತಾಡಿದರು. "ಹೃದಯ ದೊಡ್ಡದಾಗಿದೆಯಂತೆ. ಈಗ ಮಾತ್ರೆ ತಗೊಂಡ್ರೂ ಪೂರ್ತಿ ಮೊದಲಿನ ಹಾಗೆ ಆಗಲ್ಲವಂತೆ. ಆದ್ರೆ ತಗೊಳ್ಳದಿದ್ರೆ... ಲಿಫ್ಟಿನಲ್ಲಿ ಬ್ರೇಕ್ ಹೋದ್ರೆ ನಾವು ಮೊದಲು ಜನರನ್ನ ಇಳಿಸ್ತಿದ್ವಿ. ಇಲ್ಲಿ ಯಾರನ್ನ ಇಳಿಸೋದು?" ಅವರ ಅಂಗಿಯ ಜೇಬಿನಲ್ಲಿ ಮಾತ್ರೆಯ ಹಾಳೆಯ ಬೆಳ್ಳಿಯ ಅಂಚು ಕಾಣುತ್ತಿತ್ತು.

"ಅವಳಿಗೆ ಇದೆಲ್ಲ ಹೇಳಿದ್ದೀರಾ?"

"ಡಾಕ್ಟ್ರು ಹೇಳಿದ್ರು. ಅವರು ಹೆದರಿಸ್ತಾರೆ, ಅದು ಅವರ ಕಸುಬು ಅಂದ್ಲು."

ಹೊಲಿಗೆಯ ಕೋಣೆಯಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು. ಹೊರಗೆ ಚಳಿ, ಅಕ್ಕನ ಹಣೆಯಲ್ಲಿ ಬೆವರು. ಕಣ್ಣುಗಳು ಎಂದಿಗಿಂತ ಮುಂದಕ್ಕೆ ಬಂದು, ಏನನ್ನೋ ಕೇಳಿ ಬೆಚ್ಚಿದವಳ ಹಾಗೆ ಕಾಣುತ್ತಿದ್ದಳು. ಯಂತ್ರದ ಪಕ್ಕದ ದಿಂಬಿಗೆ ಹತ್ತಿಪ್ಪತ್ತು ಸೂಜಿ ಚುಚ್ಚಿತ್ತು, ಪ್ರತಿಯೊಂದಕ್ಕೂ ದಾರ ಪೋಣಿಸಿತ್ತು. ಕೈ ನಡುಗುವುದರಿಂದ ಅವಳಿಗೆ ಪೋಣಿಸಲಾಗುವುದಿಲ್ಲ. ಭಾವ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಅದು.

"ಬಂದ್ಯಾ ಪುಟ್ಟಾ, ಕೂತ್ಕೋ, ಆ ಬಟ್ಟೆ ಆಚೆ ತಳ್ಳು, ಏನು ತಿಂದೆ, ಮುಖ ಯಾಕೆ ಹಾಗಿದೆ, ನಿನ್ನ ಭಾವ ದೂರು ಹೇಳಿದ್ರಾ, ಅವರಿಗೆ ಕೆಲಸ ಇಲ್ಲ, ನಾನು ಚೆನ್ನಾಗೇ ಇದ್ದೀನಿ." ಒಂದೇ ಉಸಿರಿನಲ್ಲಿ ಹೇಳಿದಳು. ಈಗೀಗ ಅವಳ ಮಾತಿಗೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಮುಂಗೈ ಎಷ್ಟು ತೆಳ್ಳಗಾಗಿದೆಯೆಂದರೆ ಬಳೆಗಳು ಮೊಣಕೈವರೆಗೆ ಓಡಾಡುತ್ತಿದ್ದವು.

"ಅಕ್ಕ, ಆ ಪ್ರಯೋಗ ಇನ್ನೊಂದು ಸಲ ಮಾಡಿದ್ವಿ."

"ಹೂಂ?"

"ಏನೂ ಬರಲಿಲ್ಲ. ಎರಡು ಬಾಲವೂ ಒಂದೇ ಥರ ಕರಗಿದ್ವು."

"ಈ ಸಲ ಏನೋ ತಪ್ಪು ಮಾಡಿರ್ತೀರಿ."

"ಹೋದ ಸಲ ತಪ್ಪು ಮಾಡಿದ್ದು. ನಾನೇ." ಗುಳ್ಳೆಯ ವಿಷಯ ಹೇಳಿದ. ಮಬ್ಬು ಅಂಚಿನ ವಿಷಯ ಹೇಳಿದ. ಮುಖ್ಯಸ್ಥರ ಎದುರು ಪೂರ್ತಿ ಹೇಳಲಾಗದ್ದು ಇಲ್ಲಿ, ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳ ನಡುವೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೊರಬಂತು. ಅಕ್ಕ ಅಡ್ಡ ಬಾಯಿ ಹಾಕದೆ ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳು ಸುಮ್ಮನಿದ್ದದ್ದು ಆಗಲೇ. ಅವಳ ಕತ್ತಿನ ಊತದ ಮೇಲೆ ನಾಡಿ ಹಾರುವುದು ಕುರ್ಚಿಯಿಂದಲೇ ಕಾಣುತ್ತಿತ್ತು. ಎರಡು ಬಡಿತ ಒಟ್ಟಿಗೆ, ಒಂದು ಬಿಡುವು, ಮತ್ತೆ ಗುಂಪಾಗಿ ಮೂರು.

"ನೀನು ಬೇಕೂಂತ ಮಾಡ್ಲಿಲ್ಲ ತಾನೇ?" ಎಂದು ಕೊನೆಗೆ ಕೇಳಿದಳು.

"ಇಲ್ಲ."

"ಮತ್ಯಾಕೆ ಆ ಮುಖ? ನಿನ್ನ ಕಣ್ಣು ತಪ್ಪಿದ್ರೆ ನನಗೇನು? ನನಗೆ ಗುಣ ಆಗಿದೆಯಲ್ಲ. ರಾತ್ರಿ ನಿದ್ದೆ ಬರ್ತಿದೆ. ಇಲ್ಲಿ ನೋಡು." ಕತ್ತಿನಲ್ಲಿ ಜೋತಾಡುತ್ತಿದ್ದ ಅಳತೆಯ ಟೇಪನ್ನು ಎಳೆದು ತೋರಿಸಿದಳು. "ಗುಳಿಗೆ ಶುರು ಮಾಡಿದ ದಿನ ಕತ್ತಿನ ಸುತ್ತಳತೆ ಹದಿನಾಲ್ಕೂಕಾಲು. ನೆನ್ನೆ ಹದಿಮೂರೂ ಮುಕ್ಕಾಲು. ಅರ್ಧ ಇಂಚು ಇಳಿದಿದೆ. ಇದು ನಿನ್ನ ಬಾಲ ಅಲ್ಲಪ್ಪ, ಟೇಪು. ಮೂವತ್ತು ವರ್ಷದಿಂದ ನನಗೆ ಅನ್ನ ಹಾಕಿರೋ ಟೇಪು, ಸುಳ್ಳು ಹೇಳುತ್ತಾ?"

"ಹೇಗೆ ಅಳೆದೆ, ತೋರಿಸು."

ಅವಳು ಟೇಪನ್ನು ಕತ್ತಿಗೆ ಸುತ್ತಿದಳು. ನಡುಗುವ ಎರಡು ಕೈಗಳೂ ಅದರ ತುದಿಗಳನ್ನು ಹಿಡಿದು ಎಳೆದವು. ಟೇಪು ಊತದ ಚರ್ಮದೊಳಗೆ ಇಳಿಯಿತು, ಮೇಲೂ ಕೆಳಗೂ ಮಾಂಸ ಉಬ್ಬಿತು. ಅವಳ ದನಿ ಕಟ್ಟಿ ಬಂತು. "ನೋಡು. ಹದಿಮೂರೂ ಮುಕ್ಕಾಲು."

ಅವನಿಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತು. ಅಂಗಿಯ ಕೊರಳಪಟ್ಟಿಗೆ ಅಳತೆ ತೆಗೆಯುವಾಗ ದರ್ಜಿಗಳು ಟೇಪಿನ ಒಳಗೆ ತಮ್ಮ ಒಂದು ಬೆರಳು ಇಟ್ಟು ಅಳೆಯುತ್ತಾರೆ, ತೊಟ್ಟವನಿಗೆ ಉಸಿರಾಡಲು ಅಷ್ಟು ಸಡಿಲ ಬೇಕೆಂದು. ಅಕ್ಕ ಸಾವಿರಾರು ಮಕ್ಕಳ ಕತ್ತಿಗೆ ಹಾಗೇ ಅಳೆದವಳು, ನಿದ್ದೆಗಣ್ಣಿನಲ್ಲೂ ಬೆರಳು ತಾನಾಗಿ ಒಳಗೆ ಹೋಗುತ್ತದೆ.

"ಮೊದಲನೇ ದಿನ ಬೆರಳು ಇಟ್ಟು ಅಳೆದಿದ್ಯಾ ಅಕ್ಕ?"

ಟೇಪು ಸಡಿಲವಾಯಿತು. ಚರ್ಮದ ಮೇಲೆ ಕೆಂಪು ಗೆರೆ ಉಳಿಯಿತು.

"ಇಟ್ಟಿದ್ದೆ," ಎಂದಳು. "ಇಟ್ಟೇ ಇರ್ತೀನಿ. ಅಭ್ಯಾಸ."

"ಆಮೇಲೆ?"

"ಆಮೇಲೆ ಯಾವಾಗ ಬಿಟ್ಟೆ... ನನಗೆ ಗೊತ್ತಿಲ್ಲ ಕಣೋ. ನಿಜವಾಗ್ಲೂ ಗೊತ್ತಿಲ್ಲ."

ಅವನಿಗೆ ಆ ವಾಕ್ಯ ಎಷ್ಟು ಪರಿಚಿತವೆಂದರೆ, ಒಂದು ಕ್ಷಣ ಅದನ್ನು ಹೇಳಿದ್ದು ತಾನೋ ಅವಳೋ ತಿಳಿಯಲಿಲ್ಲ. ಇದೊಂದು ವಿಷಯದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು. ಬಾಗಿಲ ಬಳಿ ಭಾವ ನೀರಿನ ಲೋಟ ಹಿಡಿದು ನಿಂತಿದ್ದರು, ಒಳಗೆ ಬರಲೋ ಬೇಡವೋ ಎಂದು. ಬೀದಿಯಲ್ಲಿ ಯಾರೋ ಗಾಡಿಯನ್ನು ಒದ್ದು ಒದ್ದು ಶುರು ಮಾಡುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಅಕ್ಕ ಟೇಪನ್ನು ಕತ್ತಿನಿಂದ ತೆಗೆದು ಅವನ ಕೈಗೆ ಕೊಟ್ಟಳು.

"ನೀನು ಅಳೆ. ಬೆರಳು ಇಟ್ಟು ಅಳೆ. ಇಳಿದಿದ್ರೆ ಆ ಲೋಟ ವಾಪಸ್ ಹೋಗಲಿ, ಇನ್ನು ಯಾರೂ ನನ್ನ ತಂಟೆಗೆ ಬರಬೇಡಿ. ಇಳಿಯದಿದ್ರೆ ನುಂಗ್ತೀನಿ." ಆಮೇಲೆ, ಹೊಲಿಗೆ ಕಲಿಯಲು ಬಂದ ಹೊಸಬರಿಗೆ ಹೇಳುವ ದನಿಯಲ್ಲಿ, "ಸರಿಯಾಗಿ ಅಳೀಬೇಕು. ಅಕ್ಕ ಅಂತ ಬಿಡ್ಬೇಡ," ಎಂದಳು.

ಅವನು ಅವಳ ಹಿಂದೆ ನಿಂತು ಟೇಪನ್ನು ಸುತ್ತಿ ಮುಂದಕ್ಕೆ ತಂದ. ಬಲಗೈಯ ತೋರುಬೆರಳನ್ನು ಒಳಗೆ ಇಟ್ಟ. ಅವಳ ಕತ್ತು ಬಿಸಿಯಾಗಿತ್ತು, ಒದ್ದೆಯಾಗಿತ್ತು. ಊತದ ಒಳಗಿನಿಂದ ಬಡಿತ ಬಂದು ಅವನ ಉಗುರಿನ ಬುಡಕ್ಕೆ ಬಡಿಯುತ್ತಿತ್ತು, ಗುಂಪುಗುಂಪಾಗಿ, ಯಾವ ಲೆಕ್ಕಕ್ಕೂ ಸಿಗದೆ. ಟೇಪಿನ ಎರಡು ತುದಿಗಳು ಒಂದರ ಮೇಲೊಂದು ಬರುವ ಕಡೆ ಗೆರೆಗಳು ನಡುಗುತ್ತಿದ್ದವು, ಅವಳ ಉಸಿರಿಗೋ ತನ್ನ ಕೈಗೋ. ಸ್ವಲ್ಪ ಎಳೆದರೆ ಒಂದು ಗೆರೆ ಕಡಿಮೆಯಾಗುತ್ತದೆ. ಇನ್ನೂ ಸ್ವಲ್ಪ ಎಳೆದರೆ ಇನ್ನೊಂದು. ಬೆರಳನ್ನು ಒಂದಿಷ್ಟು ಮಲಗಿಸಿದರೂ ಸಾಕು. ಯಾರು ಕೇಳುತ್ತಾರೆ? ಅಕ್ಕನಿಗೆ ಈ ರಾತ್ರಿ ನಿದ್ದೆ ಬರುತ್ತದೆ, ಸುಧಾರಿಸುತ್ತಿದ್ದೇನೆ ಎನ್ನುವ ನಿದ್ದೆ. ಅವಳಿಗೆ ಈ ವರ್ಷದಲ್ಲಿ ದಕ್ಕಿದ ಒಂದೇ ವಸ್ತು ಅದು. ಅದನ್ನು ಕೊಟ್ಟವನೇ ಅದನ್ನು ಕಿತ್ತುಕೊಳ್ಳಬೇಕು. ಕಿತ್ತುಕೊಂಡು ಬದಲಿಗೆ ಕೊಡುವುದಾದರೂ ಏನನ್ನು? ಇನ್ನು ಮೊದಲಿನ ಹಾಗೆ ಆಗದ ಒಂದು ಹೃದಯವನ್ನು. ಅವಳು ಕದಲದೆ, ಗದ್ದ ಮೇಲೆತ್ತಿ ಕೂತಿದ್ದಳು. ತಾನು ಹುಡುಗನಾಗಿ ಅಳತೆಗೆ ನಿಂತಾಗ ಅಲುಗಾಡಬೇಡ ಎಂದು ಅವಳು ಗದರುತ್ತಿದ್ದ ಹಾಗೆ, ಈಗ ತನ್ನನ್ನೇ ತಾನು ಗದರಿಸಿಕೊಂಡವಳಂತೆ. ಅವನು ಬೆರಳನ್ನು ನೆಟ್ಟಗೆ ಮಾಡಿದ. ಟೇಪನ್ನು ಎಳೆಯಲಿಲ್ಲ, ಸಡಿಲ ಬಿಡಲೂ ಇಲ್ಲ. ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಗೆರೆಯನ್ನು ಒಂದು ಸಲ ಓದಿದ. ಇನ್ನೊಂದು ಸಲ ಓದಿದ.

"ಎಷ್ಟು?" ಎಂದಳು ಅಕ್ಕ.

"ಹದಿನೈದೂಕಾಲು ಇಂಚು."